ಒಂದೇ ಸಲ ಕೇಳಿದವನು

"ಏಯ್! ಯಾರ್ರೀ ಅದು? ಏಳ್ರೀ ಅಲ್ಲಿಂದ!"

ಒದ್ದೆ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಬರುತ್ತಿದ್ದ ಐಲಿ ನಾಲ್ಕನೇ ಕ್ಯಾಬಿನ್ನಿನ ಮುಂದೆ ಗಕ್ಕನೆ ನಿಂತಳು.

ಈಗಷ್ಟೇ ಮಂಡಿಯೂರಿ ತಿಕ್ಕಿ ತೊಳೆದಿದ್ದ ಮೆಟ್ಟಿಲು. ಅದರ ಮೇಲೆ ಯಾರೋ ಒಬ್ಬ ಗಂಡಸು ಮಾವನ ಮನೆಗೆ ಬಂದವನ ಹಾಗೆ ಆರಾಮಾಗಿ ಕೂತಿದ್ದ! ಕಾಲಲ್ಲಿ ಕೆಸರು ಬೂಟು. ಮೆಟ್ಟಿಲ ತುಂಬ ಅದರದೇ ಅಚ್ಚು.

ಅವನು ನಿಧಾನವಾಗಿ ತಲೆಯೆತ್ತಿದ. ಬಿಸಿಲಿಗೆ ಕಂದಿದ ಮುಖ. ಕಣ್ಣಲ್ಲಿ ಮಾತ್ರ ಚೂರೂ ಗಾಬರಿಯಿಲ್ಲ.

"ನಂಗಾ ಅಮ್ಮಾವ್ರೇ?"

"ಇಲ್ಲ, ನಿಮ್ ಹಿಂದಿರೋ ಪೈನ್ ಮರಕ್ಕೆ! ಹೊಸಬರಿಗೆ ಕೀಲಿ ಕೊಡೋದು ಮಧ್ಯಾಹ್ನದ ಮೇಲೆ. ಅಷ್ಟು ದೊಡ್ಡ ಬೋರ್ಡ್ ಹಾಕಿದೀವಲ್ಲ, ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು."

"ಮತ್ತೆ?"

"ನಾನು ಉಳ್ಕೊಳ್ಳೋಕೆ ಬಂದೋನಲ್ಲ ಅಮ್ಮಾವ್ರೇ. ದೋಣಿಕಟ್ಟೆ ಮುರಿದಿದೆ ಅಂತ ಟೊಯ್ವೊ ಅವ್ರು ಕರೆಸಿದ್ರು. ನನ್ ಹೆಸ್ರು ರೆನೆ."

ಐಲಿ ನಾಲಿಗೆ ಕಚ್ಚಿಕೊಂಡಳು. ಟೊಯ್ವೊ ಎಂದರೆ ಅವಳ ಅಪ್ಪ. ರಿಪೇರಿಗೆ ಒಬ್ಬನನ್ನು ಕರೆಸಿದ್ದೇನೆ ಅಂತ ಅವರು ನಿನ್ನೆಯೇ ಹೇಳಿದ್ದರು. ಅದು ಅವಳ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬಂದಿತ್ತು. ಕ್ಷಮೆ ಕೇಳಬೇಕು, ನಿಜ. ಆದರೆ ಶನಿವಾರದ ದಿನ ಕ್ಷಮೆ ಕೇಳುವಷ್ಟು ಪುರುಸೊತ್ತು ಯಾರಿಗಿದೆ?

ಅವಳು ಕೇಳುವವರೆಗೆ ಅವನೂ ಕಾಯಲಿಲ್ಲ. ಬೂಟು ಕಳಚಿದ. ಕುತ್ತಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅವಳು ಅಲ್ಲೇ ಬಿಟ್ಟಿದ್ದ ಬಕೆಟ್ಟಿನಲ್ಲಿ ಅದ್ದಿ, ಮೆಟ್ಟಿಲನ್ನೆಲ್ಲ ಒರೆಸಿದ. ಮೂಲೆಗಳನ್ನೂ ಬಿಡಲಿಲ್ಲ. ಆಮೇಲೆ ಬರಿಗಾಲಲ್ಲಿ ಸರೋವರದ ಕಡೆ ನಡೆದ.

'ನೀರು ಹೇಗಿದೆ ಅಂತ ಇವನಿಗೆ ಯಾರಾದರೂ ಹೇಳಬಾರದೇ...' ಐಲಿ ಅಂದುಕೊಳ್ಳುವಷ್ಟರಲ್ಲಿ ಅವನು ಮೊಣಕಾಲುದ್ದಕ್ಕೆ ಇಳಿದೇಬಿಟ್ಟಿದ್ದ.

"ಅಯ್ಯಯ್ಯಮ್ಮಾ...!"

ಆ ಕೂಗಿಗೆ ಆಚೆ ದಡದಿಂದ ಲೂನ್ ಹಕ್ಕಿಯೊಂದು ಉತ್ತರ ಕೊಟ್ಟಿತು. ಮೇ ತಿಂಗಳವರೆಗೆ ಮಂಜುಗಡ್ಡೆಯಾಗಿದ್ದ ನೀರು ಜೂನ್ ಬಂದ ಕೂಡಲೇ ಬೆಚ್ಚಗಾಗಿಬಿಡುತ್ತದೆಯೇ?

"ಇದನ್ನ ಬೇಸಿಗೆ ಅಂತೀರಾ ನೀವು?" ಅವನು ಅಲ್ಲಿಂದಲೇ ಅರಚಿದ.

"ನಮ್ ಬೇಸಿಗೇನೇ ಇಷ್ಟು! ಆಗಲ್ಲ ಅಂದ್ರೆ ವಾಪಸ್ ಹೋಗಿ!"

ಅವನು ವಾಪಸ್ ಹೋಗಲಿಲ್ಲ. ಹಲ್ಲು ಕಟಕಟ ಅನ್ನಿಸುತ್ತಲೇ ಮುರಿದ ಹಲಗೆಗೆ ಹೆಗಲು ಕೊಟ್ಟು ನಿಂತ. ಐಲಿಗೆ ನಗು ಬಂತಾ ಅಂತ ಕೇಳಬೇಡಿ. ನಗುವುದು ಹೇಗೆಂದು ಅವಳ ಮುಖಕ್ಕೆ ಮರೆತೇಹೋಗಿತ್ತು. ತುಟಿಯ ತುದಿ ಒಂದು ಚೂರು ಅಲುಗಿತು, ಅಷ್ಟೇ. ಅವಳು ಗಂಟನ್ನು ಮತ್ತೆ ಎದೆಗವಚಿಕೊಂಡು ಬಟ್ಟೆ ಒಗೆಯುವ ಕೋಣೆಯ ಕಡೆ ಓಡಿದಳು.

ಶನಿವಾರ ಎಂದರೆ ಆ ಸರೋವರದ ದಡದಲ್ಲಿ ಲಾಡ್ಜ್ ಇಟ್ಟುಕೊಂಡವರಿಗೆಲ್ಲ ಯುದ್ಧದ ದಿನ. ಬೆಳಿಗ್ಗೆ ಹಳೆಯ ಅತಿಥಿಗಳು ಹೊರಡುತ್ತಾರೆ, ಮಧ್ಯಾಹ್ನ ಹೊಸಬರು ಬಂದಿಳಿಯುತ್ತಾರೆ. ನಡುವಿನ ಆ ಚೂರು ಹೊತ್ತಿನಲ್ಲಿ ಅಷ್ಟೂ ಕ್ಯಾಬಿನ್ನುಗಳ ಹಾಸಿಗೆ ಬಿಚ್ಚಬೇಕು, ಒಲೆ ತಿಕ್ಕಬೇಕು, ಯಾರೋ ಮಂಚದ ಕೆಳಗೆ ಬಿಟ್ಟುಹೋದ ಮೀನಿನ ಬುಟ್ಟಿ ವಾಸನೆಯ ಜಾಡು ಹಿಡಿದು ಹುಡುಕಬೇಕು. ಕಂಗಾಸ್ ಲಾಡ್ಜಿನಲ್ಲಿ ಇದನ್ನೆಲ್ಲ ಮಾಡುವವಳು ಐಲಿ. ಅಡುಗೆ ಅವಳಮ್ಮ ಹೆಲ್ಮಿಯದು. ಅಪ್ಪ ಟೊಯ್ವೊ ಯಾವುದೋ ಚಳಿಗಾಲದಲ್ಲಿ ಮಾಡಿನ ಮೇಲಿನ ಹಿಮ ಎಳೆದು ಹಾಕಲು ಹತ್ತಿ, ಜಾರಿಬಿದ್ದು ಸೊಂಟ ಮುರಿದುಕೊಂಡವರು. ಅಂದಿನಿಂದ ಕೋಲು ಹಿಡಿದು ನಡೆಯುತ್ತಿದ್ದರು.

ಅವರು ಬಿದ್ದಾಗ ಐಲಿ ದೂರದ ನಗರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಇದೊಂದು ಬೇಸಿಗೆ ಕೈಜೋಡಿಸಿ ಬರುತ್ತೇನೆ ಅಂತ ಬಂದಳು. ಆ ಒಂದು ಬೇಸಿಗೆ ಇನ್ನೂ ಮುಗಿದಿರಲಿಲ್ಲ!

ಬೆಳಿಗ್ಗೆ ಎದ್ದಾಗಲೇ ಮೈ ಭಾರ. ಸೋಪಿನ ನೀರಿನಲ್ಲಿ ನೆನೆದು ನೆನೆದು ಬೆರಳ ತುದಿ ಬಿರುಕುಬಿಟ್ಟಿದ್ದವು. "ಸುಸ್ತಾಯ್ತೇನೇ?" ಅಂತ ಅಮ್ಮ ಕೇಳಿದರೆ, "ಇಲ್ವಲ್ಲ, ಹೇಗೋ ನಡೆಯುತ್ತೆ" ಅನ್ನುತ್ತಿದ್ದಳು. ಆ ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದದ್ದು ಅದನ್ನೇ. ಸೊಂಟ ಮುರಿದು ಹಿಮದಲ್ಲಿ ಬಿದ್ದಿದ್ದಾಗ ಟೊಯ್ವೊ ಕೂಡ ಹಾಗೇ ಅಂದಿದ್ದರು.

* * *

ಕಟ್ಟೆ ಸರಿಯಾಯಿತು. ಆಮೇಲೆ ದೋಣಿಯ ಮೋಟಾರು ಕೆಟ್ಟಿತು. ಆಮೇಲೆ ಕೊಳವೆ ಸೋರಿತು. ಕೆಲಸಕ್ಕೇನು ಬರವೇ? ರೆನೆ ದೋಣಿಮನೆಯ ಅಟ್ಟದ ಮೇಲೆ ಹಾಸಿಗೆ ಹಾಸಿಕೊಂಡು ಉಳಿದುಬಿಟ್ಟ.

ಅವನು ದೇಶದ ತೆಂಕಣ ತುದಿಯ ಬಿಸಿಸೀಮೆ ಲೂಸಿಯಾನದವನು. ಅಲ್ಲಿ ಸಮುದ್ರದ ಮುಖಕ್ಕೆ ಅವನದೊಂದು ದೋಣಿ ರಿಪೇರಿಯ ಶೆಡ್ಡು ಇತ್ತು. ಬಿರುಗಾಳಿಯೊಂದು ಅದನ್ನು ಬುಡಸಮೇತ ಎತ್ತಿಕೊಂಡು ಹೋಯಿತು. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಕಾಯುವವರು ಯಾರೂ ಇಲ್ಲದವನು ಕೆಲಸ ಸಿಕ್ಕ ಕಡೆಗೆಲ್ಲ ಹೋಗುತ್ತ ಹೋಗುತ್ತ ಇಲ್ಲಿಗೆ ಬಂದು ಮುಟ್ಟಿದ್ದ.

ಒಂದು ದಿನ ಐಲಿ ಎಂದಿನಂತೆ ಬಟ್ಟೆಯ ತಳ್ಳುಗಾಡಿಯನ್ನು ಎಳೆದಳು. ಎಳೆದ ರಭಸಕ್ಕೆ ಬಿದ್ದೇಬಿಡುತ್ತಿದ್ದಳು! ಕುಂಟುತ್ತಿದ್ದ ಚಕ್ರ ಈಗ ಸರಾಗವಾಗಿ ಓಡುತ್ತಿತ್ತು.

"ಯಾರು ಮಾಡಿದ್ದು ಇದನ್ನ?"

"ರಾತ್ರಿ ಇಲಿ ಬಂದು ಮಾಡ್ತೇನೋ" ಅಂದ ರೆನೆ, ತಲೆಯೆತ್ತದೆ.

ಐಲಿ ಆ ಚಕ್ರವನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಅದು ಕುಂಟುತ್ತಲೇ ಇತ್ತು. ಸರಿಮಾಡಿಸಬಹುದು ಅಂತ ಅವಳಿಗೆ ಹೊಳೆದಿರಲೇ ಇಲ್ಲ. ಹೇಗೋ ನಡೆಯುತ್ತಿತ್ತಲ್ಲ! ತೋಳಿನಿಂದ ಕಣ್ಣೊರೆಸಿಕೊಂಡಳು. ಒಂದು ಚಕ್ರಕ್ಕೆಲ್ಲ ಯಾರಾದರೂ ಅಳುತ್ತಾರಾ ಅಂತ ತನ್ನನ್ನು ತಾನೇ ಗದರಿಕೊಂಡಳು.

ಅವಳು ಮೊದಲ ಸಲ ನಕ್ಕದ್ದು ಜುಲೈನಲ್ಲಿ, ಲುಂಡ್‌ಗ್ರೆನ್ ಅಜ್ಜಿ ಬಂದಾಗ. ಮದುವೆಯಾದ ವರ್ಷದಿಂದ ಅಜ್ಜಿ ಪ್ರತಿ ಬೇಸಿಗೆ ಅದೇ ವಾರ, ಅದೇ ಕ್ಯಾಬಿನ್ನಿಗೆ ಬರುತ್ತಿದ್ದಳು. ಹೆಲ್ಮಿ ಬ್ಲೂಬೆರಿ ಹಣ್ಣು ತುಂಬಿ ಬೇಯಿಸುವ ಸಿಹಿ ಪೈ ಅಂದರೆ ಅವಳಿಗೆ ಪ್ರಾಣ. ಆ ದಿನ ಹೆಲ್ಮಿಗೆ ಬಿಡುವಿರಲಿಲ್ಲ, ಬಡಿಸಲು ರೆನೆ ನಿಂತಿದ್ದ.

"ಪೈ ಹಾಕ್ಲಾ ಅಜ್ಜಿ?"

"ಅಯ್ಯೋ ಬೇಡಪ್ಪಾ! ಹೊಟ್ಟೆ ಬಿರಿಯೋ ಹಾಗಿದೆ" ಅಂದಳು ಅಜ್ಜಿ, ಕಣ್ಣು ತಟ್ಟೆಯಿಂದ ಕೀಳದೆ.

"ಸರಿ ಅಜ್ಜಿ."

ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟ! ಹೋಗಿ ಬಾಗಿಲ ಬಳಿ ನಿಂತು, ಆ ಚೂರನ್ನು ತಾನೇ ತಿಂದು ಮುಗಿಸಿದ. ಅಜ್ಜಿಯ ಮುಖ ನೋಡಬೇಕಿತ್ತು... ಕೈಯಲ್ಲಿ ಹಿಡಿದ ಚಮಚ ಹಿಡಿದ ಹಾಗೇ ಇತ್ತು.

ಉಪಚಾರದ ಮಾತು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸೀಮೆಯಲ್ಲಿ ಮೊದಲನೇ 'ಬೇಡ' ಬರೀ ಮರ್ಯಾದೆಗೆ. ಎರಡನೆಯದೂ ಹಾಗೇ. ಮತ್ತೆ ಒತ್ತಾಯ ಮಾಡಿದರೆ, "ಹೋಗ್ಲಿ, ನಿಮ್ ಸಮಾಧಾನಕ್ಕೆ ಒಂದ್ ಚೂರು" ಅಂತ ತಟ್ಟೆ ಮುಂದೆ ಬರುತ್ತದೆ. ಕೇಳಿದ ಕೂಡಲೇ ಹೂಂ ಅಂದವನನ್ನು ಹೊಟ್ಟೆಬಾಕ ಅನ್ನುತ್ತಾರೆ.

ಐಲಿ ಉಗ್ರಾಣಕ್ಕೆ ಓಡಿಹೋಗಿ ಹಿಟ್ಟಿನ ಚೀಲಕ್ಕೆ ಒರಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು!

ರೆನೆ ಹಿಂದೆಯೇ ಬಂದ. "ಯಾಕೆ? ಏನಾಯ್ತು?"

"ಏನಿಲ್ಲ..."

"ಅವ್ರೇ ಬೇಡ ಅಂದ್ರಲ್ಲ!"

"ಹೂಂ... ಅಂದ್ರು ಅಂದ್ರು... ನಿಂಗದೆಲ್ಲ ಗೊತ್ತಾಗಲ್ಲ ಬಿಡು!"

'ನೀವು' ಹೋಗಿ 'ನೀನು' ಬಂದದ್ದು ಹೀಗೆ, ಹಿಟ್ಟಿನ ಚೀಲದ ಪಕ್ಕದಲ್ಲಿ. ಅವನಿಗೆ ಪೈ ವಿಷಯ ಮರೆತೇಹೋಯಿತು. ನಗುತ್ತಿದ್ದ ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ. ಐಲಿ ಅಜ್ಜಿಗೆ ಇನ್ನೊಂದು ಚೂರು ಪೈ ಮುಚ್ಚಿಟ್ಟು ತಲುಪಿಸಿದಳೇ ಹೊರತು, ಇವನಿಗೆ ವಿಷಯ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಮುಂದಿನ ನೋವೆಲ್ಲ ತಪ್ಪುತ್ತಿತ್ತು.

ಆಮೇಲೆ ದಿನಾ ಸಂಜೆ ಮೀನು ಹಸನು ಮಾಡುವ ಬೆಂಚಿನ ಬಳಿ ಇಬ್ಬರೂ ಸೇರುವುದು ಅಭ್ಯಾಸವಾಯಿತು. ಅತಿಥಿಗಳು ಹಿಡಿದು ತಂದ ಮೀನನ್ನು ಅವನು ಹಸನು ಮಾಡುತ್ತಿದ್ದ, ಅವಳು ತೊಳೆದು ಕೊಡುತ್ತಿದ್ದಳು. ಸೊಳ್ಳೆಗಳು ಇಬ್ಬರನ್ನೂ ಭೇದವಿಲ್ಲದೆ ಕಚ್ಚುತ್ತಿದ್ದವು.

"ಕೂತ್ಕೋ ಐಲಿ. ನಾನೇ ತೊಳೀತೀನಿ."

"ಬೇಡ ಬಿಡು, ಆಗ್ಹೋಯ್ತು."

'ಕೂತ್ಕೋ' ಅಂತ ತನಗೆ ಯಾರೂ ಹೇಳಿರಲಿಲ್ಲವಲ್ಲ ಅಂತ ಅವಳಿಗೆ ಅನ್ನಿಸುತ್ತಿತ್ತು. ಕೂರುತ್ತಿರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. 'ಇವನಿದ್ದರೆ ಚಳಿಗಾಲ ಹೆದರಿಸುವುದಿಲ್ಲ... ಇವನಿದ್ದರೆ ಮುಂದಿನ ಬೇಸಿಗೆಯೂ ಬರಲಿ ಅನ್ನಿಸುತ್ತದೆ...' ಅಂತ ಅಂದುಕೊಂಡು, ತಾನೇ ಬೆಚ್ಚಿ ದಿಂಬಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

* * *

ಆಗಸ್ಟ್ ಮುಗಿಯುತ್ತ ಬಂದಿತ್ತು. ಬರ್ಚ್ ಮರಗಳಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಹಳದಿಯಾಗಿತ್ತು. ಸಂಜೆ ಇಬ್ಬರೂ ದೋಣಿಕಟ್ಟೆಯ ತುದಿಯಲ್ಲಿದ್ದರು. ಅವನು ಕೂತಿದ್ದ. ಅವಳು ಎಂದಿನಂತೆ ನಿಂತಿದ್ದಳು.

"ಐಲಿ..."

"ಹ್ಞೂಂ?"

"ಚಳಿಗಾಲಕ್ಕೂ ನಾನು ಇಲ್ಲೇ ಇದ್ಬಿಡ್ಲಾ?"

ಅವಳು ಬೇಸಿಗೆಯೆಲ್ಲ ಕಾದಿದ್ದ ಮಾತು! ಅವನ ದನಿಯಲ್ಲಿ ಕೆಲಸ ಕೇಳುವವನ ದನಿಯಿರಲಿಲ್ಲ. ಅವನು ಅವಳ ಕಡೆ ನೋಡುತ್ತಿದ್ದ ರೀತಿಯಲ್ಲೇ ಎಲ್ಲವೂ ಇತ್ತು. 'ಹೂಂ ಅನ್ನು... ಹೂಂ ಅನ್ನೇ ಹುಚ್ಚಿ!' ಅಂತ ಎದೆ ಕೂಗಿತು.

ಆದರೆ ಹುಟ್ಟಿದಾಗಿನಿಂದ ರೂಢಿಯಾದ ನಾಲಿಗೆ ಎದೆಯ ಮಾತು ಕೇಳುತ್ತದೆಯೇ?

"ಅಯ್ಯೋ, ಬೇಡ ಬೇಡ! ನಿಂಗ್ಯಾಕೆ ತೊಂದ್ರೆ? ನಮ್ದೇನು, ಹೇಗೋ ನಡೆಯುತ್ತೆ."

ರೆನೆ ತಲೆಯಾಡಿಸಿದ.

"ಸರಿ."

ಎದ್ದ. ಪ್ಯಾಂಟಿನ ಧೂಳು ಕೊಡವಿಕೊಂಡ. ಹೊರಟ.

ಐಲಿ ನಿಂತೇ ಇದ್ದಳು. 'ಈಗ ತಿರುಗುತ್ತಾನೆ... ನಿಜವಾಗ್ಲೂ ಬೇಡ್ವಾ ಅಂತ ಕೇಳುತ್ತಾನೆ... ಆಗ ಇನ್ನೊಂದು ಸಲ ಬೇಡ ಅಂತೀನಿ... ಮತ್ತೆ ಕೇಳಿದಾಗ...' ಅವಳು ಮುಂದಿನ ಮಾತುಗಳನ್ನೂ ಜೋಡಿಸಿಟ್ಟುಕೊಂಡಳು. ದೋಣಿಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಕತ್ತಲಾಯಿತು. ಅವನು ಬರಲಿಲ್ಲ.

ಅಲ್ಲಿ ಅಟ್ಟದ ಮೇಲೆ ರೆನೆ ಬೂಟು ಕೂಡ ಬಿಚ್ಚದೆ ಮಾಡು ನೋಡುತ್ತ ಬಿದ್ದುಕೊಂಡಿದ್ದ. "ಹೆಣ್ಣು ಬೇಡ ಅಂದ್ರೆ ಬೇಡ ಕಣೋ. ಎರಡನೇ ಸಲ ಕೇಳೋನು ಗಂಡಸಲ್ಲ, ನೊಣ!" ಅಂತ ಅವನ ತಾಯಿ ಸೌಟು ಹಿಡಿದು ಕಲಿಸಿದ್ದಳು. ಇವಳಂತೂ ಒಂದೇ ಉಸಿರಿಗೆ ಎರಡು ಸಲ ಬೇಡ ಅಂದಿದ್ದಳು. ಇನ್ನು ಕೇಳುವುದೇನು ಉಳಿದಿತ್ತು?

ಮರುದಿನದಿಂದ 'ನೀನು' ಹೋಗಿ ಮತ್ತೆ 'ನೀವು' ಬಂತು. "ಮೀನು ತೊಳೆದಿಟ್ಟಿದೀನಿ", "ಒಳ್ಳೇದು, ನೀವು ಹೋಗಿ", ಇಷ್ಟೇ ಮಾತು. ಅವನು ಇನ್ನೊಂದು ದೊಡ್ಡ ಸರೋವರದ ಬಂದರಿನಲ್ಲಿ ದೋಣಿ ಕಟ್ಟುವವರ ಬಳಿ ಕೆಲಸ ಗೊತ್ತುಮಾಡಿಕೊಂಡ. ಮುಂದಿನ ಶನಿವಾರ ಹೊರಡುತ್ತಾನೆ ಅಂತ ಸುದ್ದಿ ಅಡುಗೆಮನೆಗೆ ಬಂತು.

ಐಲಿ ಹೊದಿಕೆ ಮಡಚುತ್ತ ಮಡಚುತ್ತ ಒಂದೇ ಹೊದಿಕೆಯನ್ನು ಮೂರು ಸಲ ಬಿಚ್ಚಿ ಮಡಚಿದಳು. ಎದುರು ತುದಿ ಹಿಡಿದಿದ್ದ ಹೆಲ್ಮಿಗೆ ತಡೆಯಲಾಗಲಿಲ್ಲ.

"ಏನೇ ನಿಂದು? ಆ ಹುಡುಗ ಏನಾದ್ರೂ ಅಂದ್ನಾ?"

"ಚಳಿಗಾಲಕ್ಕೂ ಇರ್ಲಾ ಅಂತ ಕೇಳ್ದ ಅಮ್ಮಾ..."

"ಹೌದಾ! ನೀನೇನಂದೆ?"

"ಬೇಡ ಅಂದೆ."

"ಸರಿಯಾಗೇ ಅಂದೆ. ಮತ್ತೆ?"

"ಮತ್ತೆ ಕೇಳ್ಲೇ ಇಲ್ಲ. ಒಂದೇ ಸಲ."

"ಒಂದೇ ಸಲಾನಾ?" ಹೆಲ್ಮಿಯ ಮುಖ ಇಳಿಯಿತು. "ಹಾಗಾದ್ರೆ... ಸುಮ್ನೆ ಮಾತಿಗೆ ಕೇಳಿರ್ಬೇಕು ಬಿಡು ಮಗಳೇ. ನಿಜವಾಗ್ಲೂ ಇರೋ ಮನಸ್ಸಿದ್ರೆ ಯಾರಾದ್ರೂ ಒಂದೇ ಸಲ ಕೇಳ್ತಾರಾ?"

"ನಾನೂ ಅದೇ ಅನ್ಕೊಂಡೆ."

ನೋಡಿದಿರಾ ಜಾಣೆಯರನ್ನು! ತಾಯಿ ಮಗಳು ಇಬ್ಬರೂ ಸೇರಿ ಆ ಪಾಪದವನ ಪ್ರೀತಿಯನ್ನು ಹೊದಿಕೆಯ ಜೊತೆ ಮಡಚಿ ಕಪಾಟಿನಲ್ಲಿಟ್ಟರು. ಆ ರಾತ್ರಿ ಐಲಿಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಹಿಮ ಬೀಳುತ್ತದೆ, ದಾರಿ ಮುಚ್ಚುತ್ತದೆ, ಮತ್ತೆ ಕರಗುತ್ತದೆ, ಮತ್ತೆ ಶನಿವಾರಗಳು ಶುರುವಾಗುತ್ತವೆ... ಇನ್ನೊಂದು ಬೇಸಿಗೆಗೆ ಎದ್ದು ನಿಲ್ಲಲು ತನ್ನಿಂದ ಆಗುವುದಿಲ್ಲ ಅಂತ ಅವಳಿಗೆ ಮೊದಲ ಸಲ ಅನ್ನಿಸಿತು.

* * *

ಆ ಶನಿವಾರ ಬಂದೇಬಿಟ್ಟಿತು. ಹವೆಯಲ್ಲಿ ಚಳಿಯಿತ್ತು. ಆ ವರ್ಷದ ಕೊನೆಯ ತಂಡ ಮಧ್ಯಾಹ್ನ ಬರುವುದಿತ್ತು.

ಐಲಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. ಟೊಯ್ವೊ ಮೇಜಿನ ಬಳಿ ಕೂತು ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಿದ್ದರು. ಅವರ ಬಾಯಿಂದ ಮಾತು ಹೊರಡುವುದು ಅಪರೂಪ.

"ಐಲಿ."

"ಏನಪ್ಪಾ? ಬೇಗ ಹೇಳು, ಐದನೇ ಕ್ಯಾಬಿನ್ನಿನೋರು ಹೊರಟ್ರು."

"ಆ ಹುಡುಗ ಹೋಗ್ತಾ ಇದಾನೆ."

"ಗೊತ್ತು."

"ಯಾಕಪ್ಪಾ ಅಂತ ಕೇಳ್ದೆ ನಿನ್ನೆ. ನೀನು ಬೇಡ ಅಂದ್ಯಂತೆ."

"ಅವನು ಕೇಳಿದ್ದು ಒಂದೇ ಸಲ ಅಪ್ಪಾ!" ಐಲಿಯ ದನಿ ಒಡೆಯಿತು. "ಒಂದೇ ಒಂದು ಸಲ ಕೇಳಿ ಎದ್ದು ಹೋದ!"

ಟೊಯ್ವೊ ಬ್ರೆಡ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅವರ ಕಡೆ ಒಂದೇ ಸಲ ಕೇಳೋದಂತೆ ಮಗಾ. ಬೇಡ ಅಂದ ಹೆಣ್ಣನ್ನ ಮತ್ತೆ ಕೇಳಿದ್ರೆ ಅವಳನ್ನ ಗೋಳುಹೊಯ್ಕೊಂಡ ಹಾಗಂತೆ. ಅವನಮ್ಮ ಹಾಗೆ ಬೆಳೆಸಿದಾಳಂತೆ."

ಆ ಬೇಸಿಗೆಯಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ಆಡಿದ್ದಕ್ಕೆ ತಾವೇ ನಾಚಿಕೊಂಡು ಲೋಟದ ಹಿಂದೆ ಮುಖ ಅಡಗಿಸಿದರು.

ಐಲಿಯ ಕೈಯಲ್ಲಿದ್ದ ಕಾಫಿ ತುಳುಕಿತು. ಬಾಗಿಲ ಬಳಿ ನಿಂತು ಪೈ ತಿನ್ನುತ್ತಿದ್ದ ರೆನೆ ಕಣ್ಣ ಮುಂದೆ ಬಂದ. 'ಅವ್ರೇ ಬೇಡ ಅಂದ್ರಲ್ಲ!' ಅಂದಿದ್ದ. ಅಜ್ಜಿಯ ಬೇಡವನ್ನು ನಂಬಿದವನು ನನ್ನ ಬೇಡವನ್ನು ನಂಬದೆ ಇರುತ್ತಾನಾ? ಅಂದು ಹೊಟ್ಟೆ ಹಿಡಿದು ನಕ್ಕವಳು ನಾನೇ ಅಲ್ಲವಾ?

'ಅಯ್ಯೋ... ನಾನೇನು ಮಾಡಿಬಿಟ್ಟೆ...!'

ಇನ್ನು ಓಡಿಹೋಗಿ ಅವನನ್ನು ತಬ್ಬಿಕೊಂಡಳು ಅಂತ ನೀವು ಅಂದುಕೊಳ್ಳುತ್ತಿದ್ದರೆ, ನಿಮಗೆ ಕಂಗಾಸ್ ಮನೆತನದವರು ಗೊತ್ತಿಲ್ಲ. ಅವಳು ಹೋದದ್ದು ಐದನೇ ಕ್ಯಾಬಿನ್ನಿಗೆ! ಹಾಸಿಗೆ ಬಿಚ್ಚಿದಳು. 'ಹೋಗಿ ಕೇಳಲಾ? ಏನಂತ ಕೇಳಲಿ? ನಮ್ಮ ಮನೆಯಲ್ಲಿ ಯಾರಾದರೂ ಯಾರನ್ನಾದರೂ ಏನಾದರೂ ಕೇಳಿದ್ದುಂಟಾ?' ಕೊಡುವುದು ಅವಳಿಗೆ ಗೊತ್ತಿತ್ತು. ಬೇಡ ಅನ್ನುವುದು ಗೊತ್ತಿತ್ತು. ಬೇಕು ಅನ್ನುವ ಮಾತು ಮಾತ್ರ ಬಾಯಿಗೆ ಬಂದು ಅಭ್ಯಾಸವೇ ಇರಲಿಲ್ಲ.

ಬಟ್ಟೆಯ ಗಂಟು ಹೊತ್ತು ಹೊರಗೆ ಬಂದಾಗ ಅವನು ದಾರಿಯಲ್ಲೇ ಸಿಕ್ಕಿದ. ಅವನ ಟ್ರಕ್ಕಿನ ಹಿಂದುಗಡೆ ಸಾಮಾನು ಕಟ್ಟಿಯಾಗಿತ್ತು.

"ಹೊರಟೆ."

"ಹೌದಾ..."

"ಮೋಟಾರಿಗೆಲ್ಲ ಎಣ್ಣೆ ಹಾಕಿದೀನಿ. ಸಣ್ಣ ದೋಣೀದು ಸ್ವಲ್ಪ ಮೊಂಡು, ಹಗ್ಗ ಎರಡು ಸಲ ಎಳೀಬೇಕು."

"ಒಳ್ಳೇದು. ದಾರಿಗೆ ಏನಾದ್ರೂ ಕಟ್ಟಿಸ್ಕೊಡ್ಲಾ?"

"ಹೆಲ್ಮಿ ಅಮ್ಮಾವ್ರು ಕೊಟ್ರು ಆಗ್ಲೇ."

"ಸರಿ ಹಾಗಾದ್ರೆ."

"ಸರಿ."

ಅವನು ಟ್ರಕ್ಕಿನ ಬಾಗಿಲು ತೆಗೆದ. 'ಹೋಗ್ಬನ್ನಿ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ಅಂದುಬಿಟ್ಟರೆ ಎಲ್ಲ ಸಲೀಸಾಗಿ, ಮರ್ಯಾದೆಯಾಗಿ ಮುಗಿದುಹೋಗುತ್ತಿತ್ತು.

"ರೆನೆ!"

ಅವನು ತಿರುಗಿದ.

ಐಲಿಯ ಕೈಯಿಂದ ಗಂಟು ಕೆಳಗೆ ಬಿತ್ತು. ಅವಳು ಅದರ ಮೇಲೇ ಕುಸಿದು ಕೂತಳು, ದಾರಿಯ ನಡುವೆ, ಶನಿವಾರ, ಹಗಲಲ್ಲಿ!

"ನಂಗೆ ಸುಸ್ತಾಗಿದೆ" ಅಂದಳು.

ಆ ಮಾತು ಹೊರಬಿದ್ದದ್ದೇ ತಡ, ಹಿಂದೆಯೇ ಅಳು ನುಗ್ಗಿ ಬಂತು.

"ಹೇಗೋ ನಡೆಯುತ್ತೆ ಅಂದ್ನಲ್ಲ ಅವತ್ತು... ಸುಳ್ಳು ಅದು. ನಡೀತಾ ಇಲ್ಲ. ಬೆಳಿಗ್ಗೆ ಏಳೋಕಾಗಲ್ಲ ನಂಗೆ. ರಾತ್ರಿ ಮಲಗಿದ್ರೆ ನಿದ್ದೆ ಬರಲ್ಲ. ಬೇಡ ಅಂದಿದ್ದು ಈ ಹಾಳು ನಾಲಿಗೆ, ನಾನಲ್ಲ. ಇನ್ನೊಂದ್ಸಲ ಕೇಳ್ತೀಯ ಅಂತ ಕತ್ತಲಾಗೋವರೆಗೂ ಕಟ್ಟೆ ಮೇಲೆ ನಿಂತಿದ್ದೆ ನಾನು!"

ರೆನೆ ಟ್ರಕ್ಕಿನ ಬಾಗಿಲು ಮುಚ್ಚಿದ. ಅವನ ಮುಖದಲ್ಲಿ ಆಸೆಯೂ ಇತ್ತು, ಭಯವೂ ಇತ್ತು. ಹತ್ತಿರ ಬಂದು ಅವಳೆದುರು ಮಣ್ಣಿನಲ್ಲೇ ಕೂತ.

"ಕೈಗೆ ಆಳು ಬೇಕು ಅಂದ್ರೆ ಊರಲ್ಲಿ ಸಿಗ್ತಾರೆ ಐಲಿ. ನಾನೇ ಹುಡುಕಿಕೊಟ್ಟು ಹೋಗ್ತೀನಿ" ಅಂದ ಮೆತ್ತಗೆ. "ಅದಕ್ಕಾದ್ರೆ ಹೇಳು."

"ಆಳಲ್ಲ ಕಣೋ!" ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. "ನೀನು ಒಂದು ಮೊಳೆ ಕೂಡ ಹೊಡೀಬೇಡ. ಅಟ್ಟದ ಮೇಲೆ ಕಾಲು ಚಾಚಿ ಬಿದ್ಕೊಂಡಿರು. ನಂಗೆ ನೀನು ಬೇಕು. ಗೊತ್ತಾಯ್ತಾ? ನೀನು ಬೇಕು. ಹೋಗ್ಬೇಡ... ಇರು."

ಅಷ್ಟು ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು. ಅವನೀಗ ಬೇಡ ಅಂದರೆ? ಹೊಸ ಕೆಲಸದವರಿಗೆ ಮಾತು ಕೊಟ್ಟಿದ್ದಾನಲ್ಲ...

"ಆಯ್ತು" ಅಂದ ರೆನೆ.

ಅವಳು ಒಂದು ಕಣ್ಣು ತೆರೆದಳು. "ಅಷ್ಟೇನಾ? ಯೋಚ್ನೆ ಮಾಡ್ಬೇಡ್ವಾ?"

"ಜುಲೈನಿಂದ ಅದನ್ನೇ ಮಾಡ್ತಾ ಇದ್ದೆ. ಆ ಬಂದರಿನೋರಿಗೆ ಫೋನ್ ಮಾಡಿ ಬರಲ್ಲ ಅಂತೀನಿ. ಬೈತಾರೆ, ಬೈಲಿ."

"ಒಂದ್ಸಲನಾದ್ರೂ ಬೇಡ ಅನ್ಬೇಕಪ್ಪಾ ಮರ್ಯಾದೆಗೆ!"

"ನಂಗೆ ಅಷ್ಟು ಮರ್ಯಾದೆ ಇಲ್ಲ" ಅಂದು ಅವನು ಅವಳ ಒಡೆದ ಬೆರಳುಗಳನ್ನು ತನ್ನ ಎರಡೂ ಅಂಗೈಯೊಳಗೆ ಇಟ್ಟುಕೊಂಡ. ಅವಳು ಅಳುತ್ತಲೇ ನಕ್ಕಳು. ಅಡುಗೆಮನೆಯ ಕಿಟಕಿಯಲ್ಲಿ ಎರಡು ತಲೆಗಳು ಕಾಣಿಸಿಕೊಂಡು, ಇವರು ತಿರುಗುವಷ್ಟರಲ್ಲಿ ಮಾಯವಾದವು.

"ಎಷ್ಟು ಕ್ಯಾಬಿನ್ ಬಾಕಿ ಇದೆ?"

"ಮೂರು. ಇನ್ನೇನು ಅವ್ರು ಬಂದ್ಬಿಡ್ತಾರೆ..."

"ನಾನು ಮಾಡ್ತೀನಿ. ನೀನು ಹೋಗಿ ಮಲ್ಕೋ."

"ಶನಿವಾರಾನಾ? ಹುಚ್ಚಾ ನಿಂಗೆ?" ಅವಳ ಬಾಯಲ್ಲಿ ಬೇಡ ಬೇಡ ಅನ್ನುವುದು ಹೊರಟೇಬಿಟ್ಟಿತ್ತು. ತುಟಿಯವರೆಗೂ ಬಂದದ್ದನ್ನು ಅವಳು ನುಂಗಿಕೊಂಡಳು. ಅವನ ಕೈ ಹಿಡಿದು ಎದ್ದು ನಿಂತಳು.

"ಹೂಂ... ಮಲ್ಕೋತೀನಿ."

ಸೊಳ್ಳೆಪರದೆ ಬಡಿದ ಮೊಗಸಾಲೆಯಲ್ಲಿ ಒಂದು ಹಳೆಯ ಒರಗುಮಂಚವಿತ್ತು. ಅತಿಥಿಗಳು ಮಲಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು, ತಾನು ಮಲಗಿರಲಿಲ್ಲ. ಹೆಲ್ಮಿ ಏನೂ ಕೇಳದೆ ಕಂಬಳಿ ತಂದು ಹೊದಿಸಿ, ಮಗಳ ಹಣೆ ಸವರಿ ಹೋದಳು. ದೂರದಲ್ಲಿ ತಳ್ಳುಗಾಡಿ ಉರುಳುವ ಸದ್ದು ಕೇಳಿಸುತ್ತಿತ್ತು. ಐಲಿ ಅದನ್ನು ಕೇಳುತ್ತ ಕೇಳುತ್ತ ನಿದ್ದೆಹೋದಳು.

ಎಚ್ಚರವಾದಾಗ ಬಿಸಿಲು ಓರೆಯಾಗಿ ಮೊಗಸಾಲೆಯ ನೆಲಕ್ಕೆ ಬಿದ್ದಿತ್ತು. ಸರೋವರದ ಕಡೆಯಿಂದ ಹೊಸದಾಗಿ ಬಂದಿಳಿದ ಮಕ್ಕಳ ಕಿರುಚಾಟ ಕೇಳುತ್ತಿತ್ತು. ಐಲಿ ಗಾಬರಿಯಿಂದ ಎದ್ದು ಕೂತಳು. ಮಂಚದ ಪಕ್ಕದಲ್ಲಿ, ನೆಲದ ಮೇಲೆ, ಗೋಡೆಗೊರಗಿ ರೆನೆ ಕೂತಿದ್ದ. ಅವನ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು.

"ಎಲ್ಲಾ ಆಯ್ತಾ?"

"ಆಯ್ತು. ದಿಂಬಿನ ಚೀಲ ಒಳಗು ಹೊರಗು ಮಾಡಿ ಹಾಕ್ದೆ ಅಂತ ನಿಮ್ಮಮ್ಮ ಬೈದ್ರು."

"ನೀನು ನಿಜವಾಗ್ಲೂ ಹೋಗ್ಲಿಲ್ಲ..."

"ನೀನೇ ಇರು ಅಂದ್ಯಲ್ಲ."

"ಕನಸಲ್ಲಿ ಅಂದ್ನೇನೋ ಅನ್ಕೊಂಡೆ..."

"ಹಾಗಾದ್ರೆ ಎಚ್ಚರದಲ್ಲಿ ಇನ್ನೊಂದ್ಸಲ ಹೇಳ್ಬಿಡು."

ಐಲಿ ಕಂಬಳಿಯೊಳಗಿಂದ ಕೈ ಹೊರಚಾಚಿ ಅವನ ಕೂದಲೊಳಗೆ ಬೆರಳಾಡಿಸಿದಳು. ಈ ಸಲ ಅವಳ ನಾಲಿಗೆ ತಡವರಿಸಲಿಲ್ಲ.

"ಇರು ರೆನೆ."

"ಇದೀನಿ ಐ‌ಲಿ. ನೀನು ಇನ್ನೊಂಚೂರು ಮಲ್ಕೋ."

"ಹೂಂ" ಅಂದಳು ಐಲಿ. ಅವನ ಹೆಗಲ ಮೇಲೆ ಕೈ ಹಾಗೇ ಬಿಟ್ಟು ಮತ್ತೆ ಕಣ್ಣು ಮುಚ್ಚಿದಳು.